ಮೇಣ, ದಾರ, ಉಕ್ಕಿನ ಸರಳು

ಶಿಗ್ಗಾವಿ ತಾಲ್ಲೂಕಿನ ಹುಲಗೂರು ಸಂಗೀತದ ಚರಿತ್ರೆಯಲ್ಲಿ ಒಬ್ಬರ ಹೆಸರಿನೊಡನೆ ಸೇರಿಕೊಂಡಿದೆ. ಅವರು ಕೃಷ್ಣಾಚಾರ್ಯ ಹುಲಗೂರ. ಅಂಬಾಬಾಯಿಯವರು ಮಗಳ ಸಂಗೀತ ಶಿಕ್ಷಣಕ್ಕೆಂದೇ ಧಾರವಾಡ ಬಿಟ್ಟು 1928ರಲ್ಲಿ ಹುಬ್ಬಳ್ಳಿಗೆ ಬಂದಾಗ, ಆ ಹುಡುಗಿಗೆ ಮೊದಮೊದಲ ಹಿಂದುಸ್ತಾನಿ ಪಾಠ ಹೇಳಿದವರು ಇವರು. ಒಂದು ವರ್ಷದಲ್ಲಿ ಸುಮಾರು 60 ಚೀಜುಗಳನ್ನು ಕಲಿತ ಆ ಹುಡುಗಿ ಮುಂದೆ ಗಂಗೂಬಾಯಿ ಹಾನಗಲ್ ಎಂದು ಹೆಸರಾದರು. ಆಚಾರ್ಯರು ನುಡಿಸುತ್ತಿದ್ದ ವಾದ್ಯ ಕಿನ್ನರಿ.

ಕಿನ್ನರಿಯನ್ನು ಕಣ್ಣಾರೆ ಕಂಡವರು ಇಂದು ವಿರಳ. ಒಂದು ದಂಡಿ, ಅದರ ಕೆಳಗೆ ಸೋರೆಬುರುಡೆಗಳು, ಮೇಲೆ ಸಾಲಾಗಿ ಮೆಟ್ಟಿಲುಗಳು. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರೇ ಈ ವಾದ್ಯದಿಂದ ಬಂದದ್ದು. ಹದಿಮೂರನೆಯ ಶತಮಾನದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಇಲ್ಲಿ ನಾವು ಗಮನಿಸಬೇಕಾದದ್ದು ಮೆಟ್ಟಿಲುಗಳನ್ನು ಕೂರಿಸುವ ಕ್ರಮ. ಅವು ನಿಲ್ಲುವುದು ಮೇಣದ ಮೇಲೆ. ದಂಡಿ ಬಾಗಿದರೆ, ಮೆಟ್ಟಿಲು ಸವೆದರೆ, ಮೇಣ ಕಾಯಿಸಿ ಮತ್ತೆ ಕೂರಿಸಬಹುದು. ನಮ್ಮ ಸರಸ್ವತಿ ವೀಣೆಯ 24 ಮೆಟ್ಟಿಲುಗಳಿಗೂ ಇಂದಿಗೂ ಇದೇ ಉಪಾಯ. ‘ಮೇಳ ಕಟ್ಟಿಸುವುದು’ ಎಂದು ವೈಣಿಕರು ಹೇಳುವುದು ಇದನ್ನೇ.

ವಾದ್ಯವೆಂದರೆ ಸವೆಯುವ ವಸ್ತು. ಸವೆತವನ್ನು ಸರಿಪಡಿಸುವ ದಾರಿಯನ್ನು ಅದರೊಳಗೇ ಎಲ್ಲಿ ಇಟ್ಟರು ಎಂಬುದರಲ್ಲಿ ಅದರ ಚರಿತ್ರೆಯ ಒಂದು ದೊಡ್ಡ ಭಾಗ ಅಡಗಿದೆ. ಸಿತಾರಿನಲ್ಲಿ ಮೆಟ್ಟಿಲುಗಳನ್ನು ದಂಡಿಗೆ ದಾರದಿಂದ ಬಿಗಿದಿರುತ್ತಾರೆ, ಬೇಕಾದಾಗ ಸರಿಸಬಹುದು. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಒಂದೆಳೆ ನೂಲು, ಅದನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಅರಳುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ. (ನಮ್ಮ ಕಡೆಯ ಜವಾರಿ ಹತ್ತಿಗೂ ಜವಾರಿ ಕೋಳಿಗೂ ಇದಕ್ಕೂ ಸಂಬಂಧವಿಲ್ಲ!) ಈ ಭಾಗದ ಗಾಯಕರಿಗೆ ತಂಬೂರಿಯೆಂದರೆ ಮಿರಜ. ಅಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರು 19ನೆಯ ಶತಮಾನದ ಮಧ್ಯಭಾಗದಲ್ಲಿ ತಂತಿವಾದ್ಯಗಳ ಕೆಲಸಕ್ಕೆ ತಿರುಗಿದರು. ಅದೇ ಊರಿನಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು, ಕುಂದಗೋಳದ ಸವಾಯಿ ಗಂಧರ್ವರ ಗುರುಗಳು, ವಾದ್ಯ ರಿಪೇರಿಯಲ್ಲೂ ಕೈ ಪಳಗಿದವರಾಗಿದ್ದರು. ಹಾಡುವ ಗಂಟಲಿಗೂ ಅರ ಹಿಡಿಯುವ ಕೈಗೂ ಆಗ ಅಂಥ ದೂರವಿರಲಿಲ್ಲ.

ಇಂದು ನಮ್ಮ ಹಳ್ಳಿಗಳ ರಸಮಂಜರಿ ವೇದಿಕೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್ ಬಂದು ನಿಂತಿದೆ. ಹತ್ತಿಪ್ಪತ್ತು ವರ್ಷವಾಯಿತೆಂದರೆ ‘ದಂಡಿ ಹೋಯ್ತು, ಗುಂಡಿ ಹೋಯ್ತು’ ಎಂದು ಅಟ್ಟಕ್ಕೆ ಏರಿಸುತ್ತಾರೆ. ಇದು ದುಡುಕು. ಗಿಟಾರಿನ ತಂತಿಗಳೆಲ್ಲ ಸೇರಿ ಎಳೆಯುವ ಬಲ ಸುಮಾರು 40 ಕಿಲೋ. ಮರ ಬಾಗದೆ ಇದ್ದೀತೆ? ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ದಂಡಿಯೊಳಗೆ ಉಕ್ಕಿನ ಸರಳು ಹುದುಗಿಸಿ, ತುದಿಗೆ ತಿರುಪು ಇಡುವ ಉಪಾಯಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ಲಿಯೋ ಫೆಂಡರ್ 1950ರಲ್ಲಿ ತಮ್ಮ ಗಿಟಾರ್ ಹೊರತಂದಾಗ, ಮೇಪಲ್ ಮರ ಗಟ್ಟಿ, ಸರಳು ಬೇಡವೆಂದು ಭಾವಿಸಿದ್ದರು. ದಂಡಿಗಳು ಬಾಗತೊಡಗಿದವು. ಆ ವರ್ಷ ಮುಗಿಯುವುದರೊಳಗೆ ಅವರೂ ಸರಳು ಹಾಕಿದರು. ನಮ್ಮವರು ಮೇಣದಲ್ಲಿ ಇಟ್ಟದ್ದನ್ನು ಅವರು ಉಕ್ಕಿನಲ್ಲಿ ಇಟ್ಟರು, ಅಷ್ಟೆ.

ಹಾಗಾದರೆ ಹಳೆಯ ಗಿಟಾರನ್ನು ನೋಡುವುದು ಹೇಗೆ? ಮೊದಲು ಗುಂಡಿಗಳು. ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಧ್ವನಿಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದು ನಿಮಗೆ ಗೊತ್ತೇ ಇದೆ. ಗಿಟಾರಿನಲ್ಲಿಯೂ ಇರುವುದು ಅದೇ ಸಾಮಾನು: ಒಳಗೆ ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಲೋಹದ ನಾಲಿಗೆ. ಧೂಳು, ಕಿಲುಬು ಕೂತರೆ ಕರಕರ. ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಬಾರಿ ತಿರುಗಿಸಿದರೆ ಎಷ್ಟೋ ಸಲ ಅದೇ ಸರಿಹೋಗುತ್ತದೆ. ಇಲ್ಲವಾದರೆ ರೇಡಿಯೋ ರಿಪೇರಿಯವರು ಬಳಸುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಸಾಕು. ತೊಳೆದ ಮೇಲೂ ಒಂದೇ ಜಾಗದಲ್ಲಿ ಧ್ವನಿ ಕಡಿದು ಹೋದರೆ ಪಟ್ಟಿಯೇ ಸವೆದಿದೆ ಎಂದು ತಿಳಿಯಿರಿ. ಅದೇ ಅಳತೆಯದನ್ನು, ಸಾಮಾನ್ಯವಾಗಿ 250 ಇಲ್ಲವೆ 500 ಕಿಲೋ ಓಮ್ ಇರುತ್ತದೆ, ಬದಲಿಸಬೇಕು.

ದಂಡಿಯ ಪರೀಕ್ಷೆಗೆ ಹೆಚ್ಚು ಸಮಯ ಕೊಡಿ. ತಂತಿಗಳನ್ನು ಶ್ರುತಿಗೆ ಬಿಗಿದು, ದಪ್ಪ ತಂತಿಯನ್ನು ಮೊದಲ ಮೆಟ್ಟಿಲಲ್ಲೂ ಕೊನೆಯ ಮೆಟ್ಟಿಲಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, ಏಳೆಂಟನೆಯ ಮೆಟ್ಟಿಲ ಬಳಿ, ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಸಂದು ಕಂಡರೆ ದಂಡಿ ನೆಟ್ಟಗಿದೆ. ಸಂದು ಹೆಚ್ಚಿದ್ದರೆ ತಂತಿಗಳ ಎಳೆತಕ್ಕೆ ಮುಂದೆ ಬಾಗಿದೆ; ತಿರುಪನ್ನು ಬಲಕ್ಕೆ ಬಿಗಿಯಬೇಕು. ಸಂದೇ ಇಲ್ಲದೆ ಮೊದಲ ಮೆಟ್ಟಿಲುಗಳಲ್ಲೆಲ್ಲ ತಂತಿ ಚರಗುಟ್ಟಿದರೆ ಹಿಂದೆ ಬಾಗಿದೆ, ಸಡಿಲಿಸಬೇಕು. ಒಂದೇ ಒಂದು ಮೆಟ್ಟಿಲಲ್ಲಿ ಚರಗುಟ್ಟಿದರೆ ತಪ್ಪು ದಂಡಿಯದಲ್ಲ, ಮೆಟ್ಟಿಲ ಸವೆತದ್ದು. ಆ ಕೆಲಸ ಕುಶಲಕರ್ಮಿಗೇ ಬಿಡುವುದು ಲೇಸು. ತಿರುಪು ಕೆಲವು ಗಿಟಾರುಗಳಲ್ಲಿ ತಲೆಯ ಕಡೆ ಮುಚ್ಚಳದ ಕೆಳಗಿರುತ್ತದೆ, ಹಳೆಯ ಫೆಂಡರ್ ಮಾದರಿಗಳಲ್ಲಿ ದಂಡಿಯ ಬುಡದಲ್ಲಿರುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ ಒಂದು ದಿನ ಬಿಡಿ, ಮರ ನಿಧಾನವಾಗಿ ಮಾತು ಕೇಳುತ್ತದೆ. ತಿರುಪು ಬಿಗಿದು ನಿಂತರೆ ಬಲ ಹಾಕಬೇಡಿ. ಒಳಗಿನ ಸರಳು ತುಂಡಾದರೆ ಮೇಣ ಕಾಯಿಸಿದಷ್ಟು ಸುಲಭವಾಗಿ ಅದನ್ನು ಸರಿಪಡಿಸಲು ಬಾರದು. ಕೈ ಹಾಕುವ ಮೊದಲು ತಿರುಪು ಈಗ ಎಲ್ಲಿದೆ ಎಂದು ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಂಡಿರಿ.