ಉಪ್ಪುನೀರಿನ ಹೊಂಡಕ್ಕೂ ಒಂದು ಪಂಚಾಂಗ ಇದೆ

ಮನೆ ಹಿಂದೆ ಹೊಂಡ ತೋಡಿ, ಉಪ್ಪುನೀರು ತುಂಬಿಸಿ, ಸಣ್ಣ ತಾಟೆ ಅಂದ್ರೆ ಶಾರ್ಕ್, ಇಲ್ಲಾ ತೊರಕೆ ಸಾಕಬಹುದಾ? ಹೊರದೇಶದ ವಿಡಿಯೊ ನೋಡಿದವರಿಗೆ ಈ ಆಸೆ ಬರೋದು ಸಹಜ. ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಇದರ ಉತ್ತರ ನಮ್ಮ ಊರಿನ ಚರಿತ್ರೆಯಲ್ಲೇ ಇದೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. 👇

ಅಘನಾಶಿನಿಯ ಅಳಿವೆಯಲ್ಲಿ ನಮ್ಮ ಹಿರಿಯರು ಮಾಡಿಟ್ಟ ಉಪ್ಪುನೀರಿನ ಹೊಂಡ ಇದೆ. ಅದರ ಹೆಸರು ಗಜನಿ. ಸುತ್ತ ಮಣ್ಣಿನ ಒಡ್ಡು, ನಡುವೆ ಹಲಗೆ ಇಟ್ಟ ತೂಬು, ಅಷ್ಟೇ.

ಗಜನಿ ನಡೀತಿದ್ದದ್ದು ಮಳೆಯ ಲೆಕ್ಕದಲ್ಲಿ. ಜೂನ್‌ನಲ್ಲಿ ಮಳೆ ಹೊಡೆದರೆ ಮಣ್ಣಿನ ಉಪ್ಪು ತೊಳೆದು ಹೋಗ್ತದೆ. ಆಗ ಕಗ್ಗ ಭತ್ತ. ಉಪ್ಪನ್ನು ತಡೆಯುವ, ನೆರೆಗೂ ತಲೆ ಎತ್ತಿ ನಿಲ್ಲುವ ಎತ್ತರದ ತಳಿ ಅದು. ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ಎತ್ತಿದರೆ ಭರತದ ಜೊತೆ ಸಿಗಡಿ, ಏಡಿ, ಮೀನಿನ ಮರಿ ತಾವಾಗೇ ಒಳಗೆ. ಕೊಳೆತ ಭತ್ತದ ಬುಡವೇ ಅವಕ್ಕೆ ಮೇವು. ಕೃತಕ ಆಹಾರವೂ ಇಲ್ಲ, ಪಂಪೂ ಇಲ್ಲ. ನೀರು ಬದಲಿಸುವ ಕೆಲಸ ಭರತ–ಇಳಿತದ್ದು.

ಈಗ ತಾಟೆಗೆ ಬನ್ನಿ. ಸಮುದ್ರದಲ್ಲಿ ಒಂದು ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು. ತಾಟೆ, ತೊರಕೆ ತಮ್ಮ ರಕ್ತದಲ್ಲಿ ಯೂರಿಯಾ ಹಿಡಿದಿಟ್ಟುಕೊಂಡು ಆ ಉಪ್ಪಿಗೆ ಸಮ ಆಗಿ ಬದುಕುತ್ತವೆ. ನೀರು ದಿಢೀರ್ ಸಿಹಿಯಾದರೆ ಆ ನೀರೆಲ್ಲ ಮೈಯೊಳಗೆ ನುಗ್ತದೆ. ನದಿ ಏರುವ ಬುಲ್ ಶಾರ್ಕ್‌ನಂಥ ಕೆಲವೇ ಜಾತಿಗಳು ಅದನ್ನು ತಾಳಿಕೊಳ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ತಳದಲ್ಲೇ ಮಲಗಿರುವ, ಮೊಟ್ಟೆ ಇಡುವ ಬಿದಿರು ಶಾರ್ಕ್ ಇದೆ. ಬೆಳೆದರೂ ಮುಕ್ಕಾಲು ಮೀಟರ್ ಆಸುಪಾಸು. ಹೊಂಡಕ್ಕೆ ಹೇಳಿ ಮಾಡಿಸಿದ ಹಾಗೆ ಕಾಣ್ತದೆ ಅಲ್ವಾ? ಆದ್ರೆ ನಮ್ಮ ಆಷಾಢದ ಮಳೆಗೆ ತೆರೆದ ಹೊಂಡ ಎಷ್ಟು ದಿನ ಉಪ್ಪಾಗಿ ಉಳಿದೀತು? ಮಳೆಗಾಲ ಪೂರ್ತಿ ಉಪ್ಪು ಹಿಡಿದಿಡುವ ಹಟ ಗಜನಿ ಕಟ್ಟಿದವರಿಗೂ ಇರಲಿಲ್ಲ. ಸಾಣಿಕಟ್ಟಾದ ಉಪ್ಪಿನಾಗರವೂ ಮಳೆ ನಿಂತ ಮೇಲೇ ಕೆಲಸ ಶುರು ಮಾಡೋದು.

ಆ ಹಟ ಬಂದದ್ದು ಆಮೇಲೆ. 1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಡಿ ಸರ್ಕಾರವೇ ಗಟ್ಟಿ ಒಡ್ಡು ಕಟ್ಟಿಸಿತು. ಒಡ್ಡು ಕಾಯಲು ಊರವರು ಒಟ್ಟಾಗುವ ಪದ್ಧತಿ ಸಡಿಲವಾಯ್ತು. ಸಿಗಡಿಗೆ ರಫ್ತಿನ ಬೆಲೆ ಬಂತು. ಹಲವು ಗಜನಿಗಳಲ್ಲಿ ಉಪ್ಪುನೀರು ನಿಂತೇ ಉಳೀತು, ಕಗ್ಗ ಹಿಂದೆ ಸರೀತು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಹೊಂಡಗಳನ್ನೇ ಮಲಗಿಸಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೃಷಿಗೆ ತಡೆ ಹಾಕಿತು, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟು.

ಹೊನ್ನಾವರದ ಕತೆ ಇದಕ್ಕೆ ಉಲ್ಟಾ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕರೆಂಟು ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಶರಾವತಿಗೆ ಹರಿದು ಅಳಿವೆಯ ಉಪ್ಪೇ ಇಳೀತು. ಉಪ್ಪು ನಂಬಿದ ಮೀನು, ಬಳಚು ಕಡಿಮೆಯಾದವು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಆ ಸಂಪತ್ತು ಇನ್ನೂ ಇದೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟವೂ ಸಿಕ್ಕಿತು. ಅಂದ್ರೆ ಉಪ್ಪು ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ. ಅದು ಬರೋ ಹೊತ್ತಿಗೆ ಬರಬೇಕು, ಹೋಗೋ ಹೊತ್ತಿಗೆ ಹೋಗಬೇಕು.

ಕಾನೂನೂ ಗೊತ್ತಿರಲಿ. 2001ರಲ್ಲಿ ತಿಮಿಂಗಿಲ ಶಾರ್ಕ್, ಗರಗಸ ಮೀನು ಸೇರಿ ಕೆಲವು ಜಾತಿಗಳು ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಬಂದವು. 2022ರ ತಿದ್ದುಪಡಿಯಲ್ಲಿ ಪಟ್ಟಿ ಇನ್ನೂ ಬೆಳೆಯಿತು. ಬಲೆಗೆ ಬಿದ್ದ ಮರಿಯನ್ನು "ಮುದ್ದಾಗಿದೆ" ಅಂತ ಮನೆಗೆ ತರುವ ಮುಂಚೆ ಅದು ಯಾವ ಜಾತಿ ಅಂತ ಗೊತ್ತಿರಬೇಕು.

ತಾಟೆ ನೋಡಲೇಬೇಕಾ? ಭಟ್ಕಳ ತಾಲೂಕಿನ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ, ನೀರಿಗಿಳಿಯಿರಿ. ಅದೃಷ್ಟ ಇದ್ದರೆ ಅದು ತನ್ನ ಮನೆಯಲ್ಲೇ ಸಿಗ್ತದೆ. ಹೊಂಡವೇ ಬೇಕಂದ್ರೆ ಮಾಣಿಕಟ್ಟಾದ ಕಗ್ಗದ ಗದ್ದೆ ನೋಡಿ ಬನ್ನಿ. ಮೀನನ್ನು ಕೂಡಿಹಾಕುವುದಕ್ಕೂ ಬರಮಾಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಾಣ್ತದೆ.

ನಿಮ್ಮೂರಿನ ಗಜನಿಯಲ್ಲಿ ತೂಬಿನ ಹಲಗೆ ಯಾವ ತಿಂಗಳು ಎತ್ತುತ್ತಿದ್ದರು? ಮನೆಯ ಅಜ್ಜ, ಅಜ್ಜಿಯನ್ನು ಕೇಳಿ ಕಾಮೆಂಟಲ್ಲಿ ಬರೀರಿ. ಆ ಪಂಚಾಂಗ ಯಾವ ಪುಸ್ತಕದಲ್ಲೂ ಪೂರ್ತಿ ಸಿಗೋದಿಲ್ಲ, ಅವರ ನೆನಪಲ್ಲೇ ಇರೋದು. 🌾🐟

#ಗಜನಿ #ಕಗ್ಗ #ಅಘನಾಶಿನಿ #ಕುಮಟಾ #ಹೊನ್ನಾವರ #ಭಟ್ಕಳ