ಇಲಿಗಳ ಎಚ್ಚರಿಕೆಗೆ ಹದಿನಾರು ವರ್ಷ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾತ್ರೋಪ್ ಎಂಬ ಊರಿದೆ. ಅಲ್ಲಿನ ಆಕ್ಸಿಡೆಂಟಲ್ ಕಂಪನಿಯ ಕೀಟನಾಶಕ ಕಾರ್ಖಾನೆಯ ಕಾರ್ಮಿಕರು 1977ರಲ್ಲಿ ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳುವಾಗ ಒಂದು ಸಂಗತಿ ಹೊರಬಿತ್ತು. ಒಂದೇ ವಿಭಾಗದಲ್ಲಿ ದುಡಿಯುತ್ತಿದ್ದ ಹಲವರಿಗೆ ಮಕ್ಕಳಾಗುತ್ತಿರಲಿಲ್ಲ. ವೀರ್ಯ ಪರೀಕ್ಷೆ ನಡೆಯಿತು. ಕೆಲವರಲ್ಲಿ ವೀರ್ಯಾಣುಗಳೇ ಇರಲಿಲ್ಲ, ಇನ್ನು ಕೆಲವರಲ್ಲಿ ತೀರಾ ಕಡಿಮೆ ಇದ್ದವು. ಅವರು ಬೆರೆಸಿ ತುಂಬುತ್ತಿದ್ದುದು ಡಿಬಿಸಿಪಿ ಎಂಬ ರಾಸಾಯನಿಕವನ್ನು.

ಬೆಳೆಗಳ ಬೇರು ತಿನ್ನುವ ಜಂತುಹುಳುಗಳನ್ನು ಕೊಲ್ಲಲು 1950ರ ದಶಕದಿಂದ ಮಣ್ಣಿಗೆ ಸೇರಿಸುತ್ತಿದ್ದ ಔಷಧವದು. ಶೆಲ್ ಕಂಪನಿ ಇದನ್ನು 'ನೆಮಗಾನ್' ಎಂದೂ ಡೌ ಕಂಪನಿ 'ಫ್ಯುಮಜೋನ್' ಎಂದೂ ಮಾರುತ್ತಿದ್ದವು.

ಇದರ ಗುಣ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಈ ಎರಡು ಕಂಪನಿಗಳಿಗಾಗಿ ನಡೆದ ಪ್ರಾಣಿ ಪ್ರಯೋಗಗಳ ವರದಿ 1961ರಲ್ಲೇ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಕೇವಲ 5 ಭಾಗ ಆವಿ ಇದ್ದರೂ ಗಂಡು ಇಲಿಗಳ ವೃಷಣಗಳು ಕುಗ್ಗಿದ್ದವು. ಅದಕ್ಕಿಂತ ಕಡಿಮೆ ಪ್ರಮಾಣವನ್ನು ಪರೀಕ್ಷಿಸಿಯೇ ಇರಲಿಲ್ಲ. ಆದರೂ 1 ಭಾಗದೊಳಗಿದ್ದರೆ ಸಾಕೆಂಬ ಸಲಹೆ ಹೊರಟಿತು. ಡಬ್ಬಿಯ ಮೇಲಿನ ಚೀಟಿಯಲ್ಲಿ ಸಂತಾನಶಕ್ತಿಯ ಮಾತೇ ಬರಲಿಲ್ಲ. ಪ್ರಯೋಗ ಸೋತಿರಲಿಲ್ಲ, ಅದರ ಫಲಿತಾಂಶ ಕಾರ್ಖಾನೆಯ ಬಾಗಿಲು ದಾಟಲಿಲ್ಲ, ಅಷ್ಟೆ.

ಇಂಥ ಪರೀಕ್ಷೆಯಲ್ಲಿ ಮರಿಗಳನ್ನಷ್ಟೇ ಎಣಿಸಿದರೆ ಮೋಸಹೋಗುವ ಸಂಭವ ಹೆಚ್ಚು. ಇಲಿಯಲ್ಲಿ ವೀರ್ಯಾಣುಗಳ ದಾಸ್ತಾನು ಎಷ್ಟಿರುತ್ತದೆಂದರೆ, ಅದರ ದೊಡ್ಡ ಪಾಲು ನಾಶವಾದರೂ ಮರಿಗಳು ಹುಟ್ಟುತ್ತಲೇ ಇರುತ್ತವೆ. ಮನುಷ್ಯನಿಗೆ ಅಷ್ಟು ಮಿಗತೆಯಿಲ್ಲ. ಆದ್ದರಿಂದಲೇ ಇಂದು ವೃಷಣದ ತೂಕ ನೋಡುತ್ತಾರೆ, ವೀರ್ಯಾಣುಗಳನ್ನೂ ಎಣಿಸುತ್ತಾರೆ. ಒಇಸಿಡಿ ಸಂಸ್ಥೆ 1983ರಲ್ಲಿ ಒಪ್ಪಿದ ಕ್ರಮದಲ್ಲಿ ಎರಡು ತಲೆಮಾರಿನ ಇಲಿಗಳ ಮೇಲೆ ಪರೀಕ್ಷೆ ನಡೆಯುತ್ತದೆ. ಕೂಡಿಸುವ ಮೊದಲೇ ಸುಮಾರು ಹತ್ತು ವಾರ ರಾಸಾಯನಿಕ ಕೊಡಬೇಕು. ವೀರ್ಯಾಣು ಹುಟ್ಟಿ ಬಲಿಯಲು ಅಷ್ಟು ಕಾಲ ಬೇಕು.

ಲಾತ್ರೋಪ್ ಸುದ್ದಿ ಹಬ್ಬಿದ ಮೇಲೆ ಅಮೆರಿಕ ಸರ್ಕಾರ ಎಚ್ಚೆತ್ತಿತು. 1978ರಲ್ಲಿ ಕಾರ್ಖಾನೆಗಳಿಗೆ ನಿಗದಿಯಾದ ಮಿತಿ ನೂರು ಕೋಟಿ ಭಾಗ ಗಾಳಿಗೆ 1 ಭಾಗ, ಅಂದರೆ ಹಳೆಯ ಸಲಹೆಗಿಂತ ಸಾವಿರ ಪಟ್ಟು ಬಿಗಿ. ಈ ನಡುವೆ ಪೀಚ್ ಹಣ್ಣಿನ ಬೆಳೆಗಾರರ ಸಂಘಟನೆಯೊಂದರಿಂದ ಸರ್ಕಾರಕ್ಕೆ ಪತ್ರ ಹೋಯಿತು. ಮಕ್ಕಳು ಬೇಡವೆನ್ನುವವರನ್ನೇ ಈ ಕೆಲಸಕ್ಕೆ ಹಚ್ಚಬಹುದಲ್ಲ ಎಂಬುದು ಅದರ ಸೂಚನೆ! ತಮಾಷೆಗೆ ಬರೆದದ್ದೇನಲ್ಲ.

1979ರಲ್ಲಿ ನಿಷೇಧ ಬಂತು. ಹವಾಯಿಯ ಅನಾನಸ್ ತೋಟಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. 1985ರಲ್ಲಿ ಅದೂ ರದ್ದಾಯಿತು. ಆದರೆ ಲಾತ್ರೋಪ್‌ನ ವಿಷಯ ಬಯಲಾದ ಮೇಲೂ ಮಧ್ಯ ಅಮೆರಿಕದ ಬಾಳೆ ತೋಟಗಳಿಗೆ ಔಷಧ ಹೋಗುತ್ತಲೇ ಇತ್ತು. ಸಂತಾನಶಕ್ತಿ ಕಳೆದುಕೊಂಡೆವೆಂದು ಕೋಸ್ಟರಿಕಾದ ಕೂಲಿಗಳು ಅಮೆರಿಕದಲ್ಲೇ ದಾವೆ ಹೂಡಿದರು. ಅದನ್ನು ಅಲ್ಲಿ ವಿಚಾರಣೆ ಮಾಡಬಹುದೆಂದು ಟೆಕ್ಸಸ್‌ನ ಸುಪ್ರೀಂ ಕೋರ್ಟ್ ಹೇಳಿದ್ದು 1990ರಲ್ಲಿ.