ಏಪ್ರಿಲ್ 25ರ ನೆನಪಿಗೆ ನಮ್ಮ ಅಡುಗೆಮನೆಯ ಐದು ತಿನಿಸುಗಳು

ದೇಶದ ಹಬ್ಬ ಎಂದರೆ ನಮ್ಮ ಶಾಲೆಗಳಲ್ಲಿ ಆಗಸ್ಟ್ 15 ಮತ್ತು ಜನವರಿ 26. ಬಾವುಟ ಏರಿಸುತ್ತೇವೆ, ಭಾಷಣ ಮಾಡುತ್ತೇವೆ, ಮಕ್ಕಳ ಕೈಗೆ ಒಂದು ಚಾಕಲೇಟು ಕೊಟ್ಟು ಮನೆಗೆ ಕಳಿಸುತ್ತೇವೆ. ಬೇಸಿಗೆ ರಜೆಯಲ್ಲೂ ಇಂಥದೊಂದು ದಿನ ಇದೆ. ಅದು ನಡೆದದ್ದು ದೆಹಲಿಯಲ್ಲಲ್ಲ, ಹಿಂದೂಪುರದಿಂದ ಬಸ್ಸಿನಲ್ಲಿ ಸ್ವಲ್ಪವೇ ಹೊತ್ತಿನ ದಾರಿಯಲ್ಲಿರುವ ವಿದುರಾಶ್ವತ್ಥದಲ್ಲಿ. ಆ ದಿನ ಏಪ್ರಿಲ್ 25.

1938ರಲ್ಲಿ ವಿದುರಾಶ್ವತ್ಥ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿತ್ತು. ಈಗ ಅದು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿಗೆ ಸೇರಿದೆ. ನಮ್ಮ ಹಿಂದೂಪುರ ಆಗ ಮದರಾಸು ಪ್ರಾಂತದ ಅನಂತಪುರ ಜಿಲ್ಲೆಯ ಊರು. ಎರಡೂ ಕಡೆ ಒಂದೇ ಉತ್ತರ ಪಿನಾಕಿನಿ ಹೊಳೆ, ಎರಡೂ ಕಡೆ ಕನ್ನಡ ತೆಲುಗು ಕಲೆತ ಮಾತು. ಆದರೆ ಆಳ್ವಿಕೆ ಬೇರೆ. ಮದರಾಸು ಪ್ರಾಂತದಲ್ಲಿ 1937ರ ಜುಲೈನಿಂದ ರಾಜಾಜಿಯವರ ಕಾಂಗ್ರೆಸ್ ಸರ್ಕಾರವೇ ಇತ್ತು. ಗಡಿಯಾಚೆ ಮೈಸೂರಿನಲ್ಲಿ ಅದೇ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಏರಿಸುವುದಕ್ಕೆ ನಿಷೇಧ! ಮದ್ದೂರಿನ ಹತ್ತಿರ ಶಿವಪುರದಲ್ಲಿ ಏಪ್ರಿಲ್ ತಿಂಗಳಿನಲ್ಲಿಯೇ ಧ್ವಜ ಸತ್ಯಾಗ್ರಹ ನಡೆಯಿತು. ಅದಾದ ಕೆಲವೇ ದಿನಗಳಲ್ಲಿ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂದು ಜನ ನೆನೆಯುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ಕಡಿಮೆ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಬಂದದ್ದು ಇದರಿಂದಲೇ. ಆಮೇಲೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಅನುಮತಿ ಸಿಕ್ಕಿತು.

ಇಷ್ಟು ಹತ್ತಿರದ ಚರಿತ್ರೆ ನಮ್ಮ ಮಕ್ಕಳಿಗೆ ಏಕೆ ದೂರವಾಯಿತು? ಅವರು ಕನ್ನಡದಲ್ಲಿ ಓದುತ್ತಾರೆ, ಆದರೆ ಓದುವ ಪಠ್ಯಕ್ರಮ ಆಂಧ್ರದ್ದು. ವಿದುರಾಶ್ವತ್ಥ ಕರ್ನಾಟಕದ್ದು. ಗಡಿಗೆರೆ ಎಳೆದವರು ಚರಿತ್ರೆಯನ್ನೂ ಎರಡು ಪಾಲು ಮಾಡಿಬಿಟ್ಟರು. ಗಡಿಗಳೋ, ಬದಲಾಗುತ್ತಲೇ ಬಂದಿವೆ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. 1953ರಲ್ಲಿ ಆಂಧ್ರ ರಾಜ್ಯ ಬಂತು. 2022ರ ಏಪ್ರಿಲ್ 4ರಂದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಇಷ್ಟೆಲ್ಲ ಪಾಲಾದರೂ ಪಾಲಾಗದೆ ಉಳಿದದ್ದು ಒಂದಿದೆ. ಅದು ನಮ್ಮ ಅಡುಗೆಮನೆ!

ಅದಕ್ಕೇ ಹೇಳುತ್ತಿದ್ದೇವೆ: ರಜೆ ಶುರುವಾದ ಆ ವಾರದಲ್ಲಿ ಒಂದು ಬೆಳಿಗ್ಗೆ ಮಕ್ಕಳು, ತಾಯಂದಿರು, ಹಳೆಯ ವಿದ್ಯಾರ್ಥಿಗಳು ಮರದ ನೆರಳಿನಲ್ಲಿ ಸೇರೋಣ. ಹೆಚ್ಚು ಒಲೆ ಉರಿಸದೆ ಮಾಡುವ ತಿನಿಸುಗಳನ್ನು ಮಾಡೋಣ. ಐವತ್ತು ಜನರ ಲೆಕ್ಕ ಕೊಡುತ್ತೇವೆ.

ಪಾನಕ: ಹಿಂದೂಪುರ ಬೆಲ್ಲಕ್ಕೂ ಹುಣಸೆಗೂ ಹೆಸರಾದ ಮಾರುಕಟ್ಟೆ. ಒಂದೂವರೆ ಕೆಜಿ ಬೆಲ್ಲವನ್ನು 8 ಲೀಟರ್ ನೀರಿನಲ್ಲಿ ಕರಗಿಸಿ ಸೋಸಿ. 12 ನಿಂಬೆಹಣ್ಣಿನ ರಸ, ಏಲಕ್ಕಿ, ಶುಂಠಿ ಪುಡಿ, ಚಿಟಿಕೆ ಉಪ್ಪು ಹಾಕಿ. ರಾಮನವಮಿಗೆ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೊಡುವ ಪಾನಕವೇ ಇದು. ಯಾರು ಎಂದು ಕೇಳದೆ ಕೊಡುವುದೇ ಅದರ ರೀತಿ.

ನೀರು ಮಜ್ಜಿಗೆ: 2 ಲೀಟರ್ ಮೊಸರು ಕಡೆದು 6 ಲೀಟರ್ ನೀರು ಬೆರೆಸಿ. ಕರಿಬೇವು, ಕೊತ್ತಂಬರಿ, ಜಜ್ಜಿದ ಹಸಿಶುಂಠಿ, ಉಪ್ಪು. ಮಡಕೆಯಲ್ಲಿಟ್ಟರೆ ತಣ್ಣಗಿರುತ್ತದೆ.

ಕೋಸಂಬರಿ: 1 ಕೆಜಿ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ಬಸಿಯಿರಿ. ಕ್ಯಾರೆಟ್ ತುರಿ, ತೆಂಗಿನ ತುರಿ, ಸಣ್ಣಗೆ ಹೆಚ್ಚಿದ ಸೌತೆಕಾಯಿ ಸೇರಿಸಿ. ಕೇಸರಿ, ಬಿಳಿ, ಹಸಿರು ತಾನಾಗಿಯೇ ಬರುತ್ತವೆ, ಬಣ್ಣದ ಪುಡಿ ಬೇಡ. ಉಪ್ಪನ್ನು ಮಾತ್ರ ಬಡಿಸುವ ಮುಂಚೆ ಹಾಕಬೇಕು, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಆ ಉಪ್ಪು ಹಾಕುವಾಗ ಮಕ್ಕಳಿಗೆ ಹೇಳಿ: ಇದಕ್ಕೂ ಬ್ರಿಟಿಷರು ತೆರಿಗೆ ಹಾಕಿದ್ದರು. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಕಾನೂನು ಮುರಿದರು. ಏಪ್ರಿಲ್ 13ರಂದು ನಮ್ಮ ಕನ್ನಡ ಕರಾವಳಿಯ ಅಂಕೋಲದ ಜನ ಮುರಿದರು. ಉಪ್ಪಿನ ತೆರಿಗೆ ಹೋದದ್ದು 1947ರಲ್ಲಿ.

ಉಗ್ಗಾಣಿ: ಕಲ್ಯಾಣದುರ್ಗದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎರಡೂವರೆ ಕೆಜಿ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ. ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಹುರಿಗಡಲೆ ಪುಡಿ ಉದುರಿಸಿ, ನಿಂಬೆರಸ ಹಿಂಡಿ. ಒಲೆ ಉರಿಯುವುದು ಇದೊಂದಕ್ಕೆ ಹದಿನೈದು ನಿಮಿಷ. ಅನಂತಪುರದಲ್ಲೂ ಬಳ್ಳಾರಿಯಲ್ಲೂ ಒಂದೇ ರುಚಿ. ಎರಡೂ ಒಂದೇ ಜಿಲ್ಲೆಯಾಗಿದ್ದ ಕಾಲವನ್ನು ಇದು ಇನ್ನೂ ಮರೆತಿಲ್ಲ!

ಶೇಂಗಾ ಉಂಡೆ: ಹಿಂದಿನ ದಿನವೇ 1 ಕೆಜಿ ಶೇಂಗಾ ಹುರಿದು ಸಿಪ್ಪೆ ತೆಗೆದು, 600 ಗ್ರಾಂ ಬೆಲ್ಲದ ಜೊತೆ ಕುಟ್ಟಿ ಉಂಡೆ ಕಟ್ಟಿ. ಪಾಕ ಬೇಡ, ತುಪ್ಪ ಬೇಡ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ನಮ್ಮ ಸೀಮೆಯನ್ನು ಸಾಕಿದ ಬೆಳೆ ಇದು. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು, ಮೆಣಸಿನಕಾಯಿಯನ್ನು ತಂದವರು ಪೋರ್ಚುಗೀಸರು. ಹೊರಗಿನಿಂದ ಬಂದದ್ದೂ ನಮ್ಮ ಮಣ್ಣಿನಲ್ಲಿ ಬೆಳೆದು ನಮ್ಮದಾಗುತ್ತದೆ ಎಂಬ ಪಾಠವೂ ಈ ಉಂಡೆಯಲ್ಲಿದೆ.

ಇನ್ನು ಬಾವುಟದ ಮಾತು. 2002ರ ಧ್ವಜ ಸಂಹಿತೆಯ ಪ್ರಕಾರ ಸಾರ್ವಜನಿಕರು ವರ್ಷದ ಯಾವ ದಿನವಾದರೂ ಗೌರವದಿಂದ ರಾಷ್ಟ್ರಧ್ವಜ ಏರಿಸಬಹುದು. 1938ರಲ್ಲಿ ತ್ರಿವರ್ಣ ಏರಿಸಲು ಹೋದವರು ಪ್ರಾಣ ಕೊಟ್ಟರು, ಇಂದು ನಾವು ಏರಿಸಿ ಪಾನಕ ಕುಡಿಯುತ್ತೇವೆ. ಈ ಎರಡು ದಿನಗಳ ನಡುವೆ ಏನಾಯಿತು ಎಂದು ಮಕ್ಕಳು ಕೇಳಿದರೆ ಕೂಟ ಸಾರ್ಥಕವಾದಂತೆ.

ಖರ್ಚಿಗೆ ಹೆದರಬೇಡಿ. ಒಂದು ಮನೆಯಿಂದ ಬೆಲ್ಲ, ಇನ್ನೊಂದರಿಂದ ಮೊಸರು, ಮತ್ತೊಂದರಿಂದ ಮಂಡಕ್ಕಿ ಬಂದರೆ ಆಯಿತು. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವುದೋ ಬೇಡವೋ ಎಂದು ಯೋಚಿಸುತ್ತಿರುವ ತಾಯಿ ತಂದೆಯರನ್ನೂ ಕರೆಯಿರಿ. ಕನ್ನಡ ಕಲಿತರೆ ಏನು ಸಿಗುತ್ತದೆ ಎಂದು ಅವರು ಕೇಳುತ್ತಾರೆ. ಹೊಳೆಯ ಆಚೆ ದಡದಲ್ಲಿ ಸತ್ತವರು ನಮ್ಮವರೇ ಎಂದು ತಿಳಿಯುವ ಭಾಷೆ ಸಿಗುತ್ತದೆ ಎಂದು ಹೇಳಿ, ಕೈಗೊಂದು ಉಂಡೆ ಕೊಡಿ.